ಪತ್ತೇದಾರನ ಹೊಸ ವೇಷ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಜಲಪಾತಗಳ ನೆರೆಯಲ್ಲಿ, ಬ್ಲಫ್ ಎಂಬ ಊರಿದೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಅರ್ಥಗಳುಂಟು. ಕಡಿದಾಗಿ ಇಳಿಯುವ ದಿಣ್ಣೆ ಎಂಬುದು ಒಂದು. ಇಲ್ಲದುದನ್ನು ಇದೆಯೆಂದು ತೋರಿಸಿ ಎದುರಾಳಿಯ ದಾರಿ ತಪ್ಪಿಸುವ ಸೋಗು ಎಂಬುದು ಇನ್ನೊಂದು. ಕಾವೇರಿಯ ಕಣಿವೆಯ ಅಂಚಿನಲ್ಲಿರುವ ಊರಿಗೆ ಒಪ್ಪುವುದು ಮೊದಲನೆಯ ಅರ್ಥ. ಪತ್ತೇದಾರಿ ಕಥೆಗೆ ಒಪ್ಪುವುದು ಎರಡನೆಯದು. ಆದರೆ ಇಸ್ಪೀಟಿನ ಸೋಗಿಗೂ ಕಥೆಗಾರನ ಸೋಗಿಗೂ ಒಂದು ವ್ಯತ್ಯಾಸವಿದೆ. ಇಸ್ಪೀಟಿನವನು ತನ್ನ ಎಲೆಗಳನ್ನು ಮುಚ್ಚಿಟ್ಟುಕೊಂಡು ಆಡುತ್ತಾನೆ. ಒಳ್ಳೆಯ ಪತ್ತೇದಾರಿ ಕಥೆಗಾರನಾದರೋ ಎಲೆಗಳನ್ನೆಲ್ಲ ಓದುಗನ ಎದುರಿಗೇ ಹರಡಿ, ಆದರೂ ಅವನು ಕಾಣದಂತೆ ಮಾಡುತ್ತಾನೆ. ಕೊನೆಯ ಪುಟದಲ್ಲಿ ಓದುಗನು ಹಿಂದಿರುಗಿ ನೋಡಿದಾಗ ಪ್ರತಿಯೊಂದು ಸುಳಿವೂ ಅದರ ಜಾಗದಲ್ಲಿಯೇ ಇರಬೇಕು. ಬರೆಯುವವನಿಗೂ ಓದುವವನಿಗೂ ನಡುವೆ ಇರುವ ಮಾತಿಲ್ಲದ ಒಪ್ಪಂದ ಇದು.

ಈ ಒಪ್ಪಂದವನ್ನು ಪುಸ್ತಕದಿಂದ ಕಿರುತೆರೆಗೆ ಸಾಗಿಸುವುದು ಹೇಗೆ ಎಂಬುದೇ ರೂಪಾಂತರಕಾರನ ಮುಂದಿರುವ ನಿಜವಾದ ಪ್ರಶ್ನೆ. ಹಳೆಯ ಕೃತಿಗೆ ಹೊಸ ಉಡುಪು ತೊಡಿಸಿ, ಕುದುರೆಗಾಡಿಯ ಜಾಗದಲ್ಲಿ ಮೋಟಾರನ್ನು ನಿಲ್ಲಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವವರುಂಟು. ಅದು ದರ್ಜಿಯ ಕೆಲಸ, ಕಥೆಯ ಕೆಲಸವಲ್ಲ.

ಬರವಣಿಗೆಗೆ ಇರುವ ಒಂದು ಅನುಕೂಲವನ್ನು ಮೊದಲು ಗಮನಿಸಬೇಕು. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದಾಗ ಅವನ ಜೊತೆಗೆ ಡಾಕ್ಟರ್ ವಾಟ್ಸನ್ ಎಂಬ ಮಿತ್ರನನ್ನೂ ಸೃಷ್ಟಿಸಿದ. ಕಥೆ ಹೇಳುವವನು ವಾಟ್ಸನ್. ಅವನು ಪ್ರಾಮಾಣಿಕ, ಕಂಡದ್ದನ್ನೆಲ್ಲ ಹೇಳುತ್ತಾನೆ, ಆದರೆ ಕಂಡದ್ದರ ಅರ್ಥ ಅವನಿಗೆ ತಿಳಿಯುವುದಿಲ್ಲ. ಆದುದರಿಂದ ಓದುಗನಿಗೂ ತಿಳಿಯುವುದಿಲ್ಲ. ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ವ್ಯೋಮಕೇಶ ಬಕ್ಷಿಯ ಕಥೆಗಳನ್ನು ಆರಂಭಿಸಿದಾಗ ಬಹುಪಾಲು ಕಥೆಗಳ ನಿರೂಪಣೆಯನ್ನು ಅಜಿತನೆಂಬ ಲೇಖಕಮಿತ್ರನಿಗೆ ವಹಿಸಿದುದೂ ಇದೇ ಕಾರಣದಿಂದ. ಪತ್ತೇದಾರನ ತಲೆಯೊಳಗೆ ಓದುಗನನ್ನು ಬಿಟ್ಟರೆ ರಹಸ್ಯ ಒಂದು ಪುಟವೂ ನಿಲ್ಲದು.

ಕ್ಯಾಮರಾದ ಸ್ವಭಾವ ಬೇರೆ. ಡಾಯ್ಲ್ 1892ರಲ್ಲಿ ಬರೆದ ‘ಚುಕ್ಕೆಯ ಪಟ್ಟಿ’ಯ ಕಥೆಯಲ್ಲಿ ಒಂದು ಮಲಗುವ ಕೋಣೆ ಬರುತ್ತದೆ. ಅಲ್ಲಿ ಕರೆಗಂಟೆಯ ಹಗ್ಗವೊಂದು ತೂಗುತ್ತಿದೆ. ಎಳೆದರೆ ಗಂಟೆ ಬಾರಿಸದು. ಗೋಡೆಯಲ್ಲಿ ಗಾಳಿಕಿಂಡಿಯಿದೆ, ಅದು ಹೊರಗಿನ ಬಯಲಿಗಲ್ಲ, ಪಕ್ಕದ ಕೋಣೆಗೆ ತೆರೆದಿದೆ. ಮಂಚವನ್ನು ನೆಲಕ್ಕೆ ಬಿಗಿದಿದ್ದಾರೆ. ಪಕ್ಕದ ಕೋಣೆಯಲ್ಲಿ ಒಂದು ತಟ್ಟೆ ಹಾಲು. ವಾಟ್ಸನ್ ಇವನ್ನೆಲ್ಲ ಇತರ ಸಾಮಾನುಗಳ ಜೊತೆಗೆ ಹೇಳಿಕೊಂಡು ಹೋಗುತ್ತಾನೆ. ಓದುಗನ ಕಣ್ಣು ಸಾಲಿನ ಮೇಲೆ ಸರಿದುಹೋಗುತ್ತದೆ. ತೆರೆಯ ಮೇಲೆ ಹಾಗಲ್ಲ. ಕ್ಯಾಮರಾ ಆ ಹಗ್ಗದ ಮೇಲೆ ಎರಡು ಕ್ಷಣ ಹೆಚ್ಚಾಗಿ ನಿಂತರೆ ಪ್ರೇಕ್ಷಕನು ‘ಇಲ್ಲೇನೋ ಇದೆ’ ಎಂದುಕೊಳ್ಳುತ್ತಾನೆ. ತೋರಿಸದೆ ಬಿಟ್ಟರೆ ಕೊನೆಗೆ ಮೋಸವಾಯಿತೆನ್ನುತ್ತಾನೆ. ಮುಚ್ಚಿಡುವುದಕ್ಕೂ ಎತ್ತಿ ತೋರಿಸುವುದಕ್ಕೂ ನಡುವಿನ ಆ ಕೂದಲೆಳೆಯ ಜಾಗದಲ್ಲಿ ನಿರ್ದೇಶಕನು ನಡೆಯಬೇಕು. (ಕಥೆಯ ಉತ್ತರವನ್ನು ಇಲ್ಲಿ ಹೇಳುವುದು ಸರಿಯಲ್ಲ, ಓದದೆ ಇರುವವರ ಸುಖವನ್ನು ಕೆಡಿಸಬಾರದು.)

ವ್ಯೋಮಕೇಶನ ವಿಷಯದಲ್ಲಿ ಈ ತೊಡಕು ಇನ್ನೂ ದೊಡ್ಡದು. ‘ಸತ್ಯಾನ್ವೇಷಿ’ ಎಂಬ ಕಥೆಯಲ್ಲಿ ಕಲ್ಕತ್ತೆಯ ವಸತಿಗೃಹವೊಂದಕ್ಕೆ ಅತುಲನೆಂಬ ತರುಣನು ಬಂದು ಅಜಿತನ ಕೋಣೆಯಲ್ಲಿ ತಂಗುತ್ತಾನೆ. ಅವನೇ ವೇಷ ಮರೆಸಿದ ವ್ಯೋಮಕೇಶನೆಂಬುದು ಕಥೆ ಮುಂದುವರಿದ ಮೇಲೆ ತಿಳಿಯುತ್ತದೆ. ಅಕ್ಷರಕ್ಕೆ ಮುಖವಿಲ್ಲವಾದುದರಿಂದ ಹೆಸರು ಬದಲಾಯಿಸಿದರೆ ಸಾಕು. ಬಾಸು ಚಟರ್ಜಿಯವರು 1993ರಲ್ಲಿ ದೂರದರ್ಶನಕ್ಕಾಗಿ ಹಿಂದಿಯಲ್ಲಿ ‘ವ್ಯೋಮಕೇಶ ಬಕ್ಷಿ’ ಧಾರಾವಾಹಿಯನ್ನು ನಿರ್ಮಿಸಿದಾಗ ಅತುಲನಾಗಿ ಬಂದವರೂ ನಾಯಕನ ಪಾತ್ರದ ರಜಿತ್ ಕಪೂರರೇ. ನಾಯಕನ ಮುಖ ಬಲ್ಲ ಪ್ರೇಕ್ಷಕನಿಂದ ಅದನ್ನು ಅಡಗಿಸುವುದೆಂತು? ಇಂಥಲ್ಲಿ ರೂಪಾಂತರಕಾರನು ಒಂದು ಬೆರಗನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಗಳಿಸಬೇಕಾಗುತ್ತದೆ. ‘ಇವನು ಯಾರು’ ಎಂಬ ಕುತೂಹಲ ಹೋದರೂ, ‘ಇವನು ಏಕೆ ಹೀಗೆ ಬಂದಿದ್ದಾನೆ’ ಎಂಬ ಕುತೂಹಲ ಉಳಿಯುತ್ತದೆ. ಕನ್ನಡ ನಾಡಿನ ಅನೇಕ ಮನೆಗಳಲ್ಲಿಯೂ ನೋಡಿದ ಆ ಧಾರಾವಾಹಿಯಲ್ಲಿ ಆಡಂಬರವಿರಲಿಲ್ಲ. ಕೋಣೆ, ಚಹಾದ ಬಟ್ಟಲು, ಇಬ್ಬರು ಮಿತ್ರರ ಮಾತು, ಒಂದು ಸಮಸ್ಯೆ. ಬಹಳ ಮಟ್ಟಿಗೆ ಇಷ್ಟೇ. ಪ್ರೇಕ್ಷಕನಿಗೆ ಯೋಚಿಸಲು ಬಿಡುವು ಸಿಗುತ್ತಿತ್ತು. ಇದು ಸಣ್ಣ ಗುಣವಲ್ಲ.

ಬಾಸು ಚಟರ್ಜಿಯವರು ಕಥೆಯ ಕಾಲವನ್ನು ಬದಲಾಯಿಸಲಿಲ್ಲ. ಇಂಗ್ಲೆಂಡಿನ ಗ್ರನಾಡಾ ಸಂಸ್ಥೆಯವರು ಜೆರೆಮಿ ಬ್ರೆಟ್ ಅವರನ್ನು ನಾಯಕನನ್ನಾಗಿಸಿ 1984ರಿಂದ 1994ರ ವರೆಗೆ ತಯಾರಿಸಿದ ಹೋಮ್ಸ್ ಧಾರಾವಾಹಿಯೂ ಹಳೆಯ ಲಂಡನ್ನಿನಲ್ಲಿಯೇ ನಡೆಯಿತು. ಇದು ಒಂದು ಮಾರ್ಗ. ಇನ್ನೊಂದು ಮಾರ್ಗವನ್ನು 2010ರಲ್ಲಿ ಬಿ.ಬಿ.ಸಿ. ಹಿಡಿಯಿತು. ಸ್ಟೀವನ್ ಮಫಟ್ ಮತ್ತು ಮಾರ್ಕ್ ಗೇಟಿಸ್ ಎಂಬಿಬ್ಬರು ಹೋಮ್ಸನನ್ನು ನಮ್ಮ ಕಾಲಕ್ಕೆ ಕರೆತಂದರು. ಬೆನೆಡಿಕ್ಟ್ ಕಂಬರ್‌ಬ್ಯಾಚ್ ಹೋಮ್ಸನಾದರು, ಮಾರ್ಟಿನ್ ಫ್ರೀಮನ್ ವಾಟ್ಸನ್ನರಾದರು. ಯಾವುದನ್ನು ಬದಲಿಸಬೇಕು, ಯಾವುದನ್ನು ಬದಲಿಸಬಾರದು ಎಂಬುದನ್ನು ಕಲಿಯಲು ಅದರ ಮೊದಲ ಕಥೆಯೊಂದನ್ನೇ ನೋಡಿದರೆ ಸಾಕು.

ಮೂಲದಲ್ಲಿ ವಾಟ್ಸನ್ ಆಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಹಿಂದಿರುಗಿದ ಸೇನಾವೈದ್ಯ. ನೋಡಿದ ಕೂಡಲೇ ಹೋಮ್ಸ್ ಅದನ್ನು ಗುರುತಿಸುತ್ತಾನೆ. ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದ ಅನಂತರ ಬ್ರಿಟಿಷ್ ಸೈನಿಕರು ಮತ್ತೆ ಆಫ್ಘಾನಿಸ್ತಾನದಿಂದ ಗಾಯಗೊಂಡು ಮನೆಗೆ ಮರಳುತ್ತಿದ್ದರು. ಚರಿತ್ರೆಯೇ ರೂಪಾಂತರಕಾರರಿಗೆ ಸಹಾಯ ಮಾಡಿತು. ಹೋಮ್ಸ್ ಈಗ ಆಫ್ಘಾನಿಸ್ತಾನವೋ ಇರಾಕೋ ಎಂದು ಕೇಳಬೇಕಾಯಿತು, ಅಷ್ಟೇ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಸೊಗಸಾದುದು. 1890ರ ಕಾದಂಬರಿಯೊಂದರಲ್ಲಿ ವಾಟ್ಸನ್ ತನ್ನ ಜೇಬುಗಡಿಯಾರವನ್ನು ಹೋಮ್ಸನ ಕೈಗೆ ಕೊಡುತ್ತಾನೆ. ಕೀಲಿ ಕೊಡುವ ರಂಧ್ರದ ಸುತ್ತ ಗೀರುಗಳಿವೆ. ಕೈ ನಡುಗುವ ಕುಡುಕನೊಬ್ಬ ಅದನ್ನು ಬಳಸುತ್ತಿದ್ದನೆಂದು ಹೋಮ್ಸ್ ಊಹಿಸಿ, ವಾಟ್ಸನ್ನನ ಅಣ್ಣನ ದುರ್ದೆಸೆಯನ್ನೆಲ್ಲ ಹೇಳಿಬಿಡುತ್ತಾನೆ. 2010ರ ವಾಟ್ಸನ್ನನ ಬಳಿ ಜೇಬುಗಡಿಯಾರವಿಲ್ಲ. ಮೊಬೈಲ್ ಫೋನ್ ಇದೆ. ಅದಕ್ಕೆ ವಿದ್ಯುತ್ತು ತುಂಬುವ ತೂತಿನ ಸುತ್ತ ಗೀರುಗಳಿವೆ. ತರ್ಕ ಅದೇ, ನಡುಗುವ ಕೈಯೂ ಅದೇ. ವಸ್ತು ಮಾತ್ರ ಬೇರೆ. ಒಂದೇ ಒಂದು ತಿರುವು: ಹೋಮ್ಸ್ ಅಣ್ಣ ಎಂದುಕೊಂಡವನು ಅಣ್ಣನಲ್ಲ, ಸೋದರಿ. ಮೂಲವನ್ನು ಓದಿದ್ದ ಪ್ರೇಕ್ಷಕನೂ ಹೋಮ್ಸನ ಜೊತೆಯಲ್ಲಿಯೇ ಎಡವುತ್ತಾನೆ. ಹೀಗೆಯೇ ಮೂಲದಲ್ಲಿ ಗೋಡೆಯ ಮೇಲೆ ರಕ್ತದಿಂದ ಬರೆದ ಪದವೊಂದಿದೆ. ಅದು ಮುಗಿಯದೆ ಉಳಿದ ಹೆಂಗಸಿನ ಹೆಸರೆಂದು ಪೊಲೀಸಿನವನು ಹೇಳುತ್ತಾನೆ. ಸೇಡು ಎಂಬ ಅರ್ಥದ ಜರ್ಮನ್ ಪದವೆಂದು ಹೋಮ್ಸ್ ತಿದ್ದುತ್ತಾನೆ. ಹೊಸದರಲ್ಲಿ ಇದು ತಲೆಕೆಳಗಾಗಿದೆ. ಜರ್ಮನ್ ಪದವೆಂದು ಹೇಳುವವನು ಪೊಲೀಸಿನ ಕಡೆಯವನು. ಅಲ್ಲ, ಅದು ಹೆಸರೇ ಎನ್ನುವವನು ಹೋಮ್ಸ್. ಮೂಲ ಬಲ್ಲವನಿಗೆ ಮೂಲವೇ ಬಲೆಯಾಗುತ್ತದೆ. ಎಲ್ಲರಿಗೂ ಉತ್ತರ ಗೊತ್ತಿರುವ ಹಳೆಯ ಒಗಟನ್ನು ಮತ್ತೆ ಒಗಟಾಗಿಸುವ ಉಪಾಯ ಇದು.

ವಸ್ತುಗಳನ್ನು ಬದಲಿಸುವುದು ಸುಲಭ. ಭಯವನ್ನು ಬದಲಿಸುವುದು ಕಷ್ಟ. 1901-02ರಲ್ಲಿ ಪ್ರಕಟವಾದ ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿಯ ಕಥೆಯಲ್ಲಿ ಜನರನ್ನು ನಡುಗಿಸುವುದು ವಂಶಕ್ಕೆ ತಗುಲಿದ ಶಾಪ. ಈಗಿನ ಇಂಗ್ಲೆಂಡಿನಲ್ಲಿ ಜಮೀನುದಾರರ ವಂಶಶಾಪಕ್ಕೆ ಹೆದರುವವರು ಎಷ್ಟು ಮಂದಿ? ಆದುದರಿಂದ 2012ರ ರೂಪಾಂತರದಲ್ಲಿ ಬಾಸ್ಕರ್‌ವಿಲ್ ಎಂಬುದು ಹಳೆಯ ಬಂಗಲೆಯಲ್ಲ, ಬೇಲಿ ಬಿಗಿದ ಸೈನಿಕ ಸಂಶೋಧನಾಲಯ. ಒಳಗೆ ಸರ್ಕಾರ ಏನು ಮಾಡುತ್ತಿದೆಯೋ ಎಂಬ ಸಂಶಯವೇ ಈ ಕಾಲದ ಶಾಪ.

ಇಷ್ಟಾದರೂ ಆ ಧಾರಾವಾಹಿಯನ್ನು ಪೂರ್ತಿಯಾಗಿ ಹೊಗಳುವಂತಿಲ್ಲ. ಹೋಮ್ಸನ ಯೋಚನೆಗಳನ್ನು ಅಕ್ಷರಗಳಾಗಿ ತೆರೆಯ ಮೇಲೆ ತೇಲಿಬಿಡುವ ತಂತ್ರ ಮೊದಲು ಹೊಸದಾಗಿತ್ತು. ಆದರೆ ಅಕ್ಷರಗಳು ಮಿಂಚಿ ಮಾಯವಾಗುವ ವೇಗದಲ್ಲಿ ಪ್ರೇಕ್ಷಕನು ಬೆರಗಾಗಬಲ್ಲನೇ ಹೊರತು ಯೋಚಿಸಲಾರನು. ಯೋಚನೆಗೆ ಅವಕಾಶವಿಲ್ಲದಲ್ಲಿ ಪತ್ತೇದಾರಿ ಕಥೆ ಜಾದೂ ಆಟವಾಗುತ್ತದೆ. 2017ರಲ್ಲಿ ಬಂದ ಕೊನೆಯ ಕಂತುಗಳ ಹೊತ್ತಿಗೆ ಬಿಡಿಸಬೇಕಾದ ಒಗಟಿಗಿಂತ ಬಿಡಿಸುವವನ ಮನೆಯ ಕಥೆಯೇ ದೊಡ್ಡದಾಗಿತ್ತು. ನಾಯಕನು ಜನಪ್ರಿಯನಾದಾಗ ಎಲ್ಲ ಧಾರಾವಾಹಿಗಳಿಗೂ ಒದಗುವ ಅಪಾಯವೇ ಇದು.

ಕನ್ನಡಕ್ಕೆ ಪತ್ತೇದಾರಿ ಸಾಹಿತ್ಯ ಅಪರಿಚಿತವಲ್ಲ. ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಬರೆದ ಕಾದಂಬರಿಗಳು ಐನೂರಕ್ಕೂ ಹೆಚ್ಚು. ಅವರ ಪತ್ತೇದಾರ ಪುರುಷೋತ್ತಮನನ್ನು ಬಸ್ಸಿನಲ್ಲಿ, ರೈಲಿನಲ್ಲಿ, ಬಾಡಿಗೆ ಪುಸ್ತಕದಂಗಡಿಯ ಮುಂದೆ ನಿಂತು ಓದಿದವರು ಅಸಂಖ್ಯ. ಓದುವ ಅಭ್ಯಾಸವೇ ಇಲ್ಲದವರಿಗೆ ಆ ಅಭ್ಯಾಸವನ್ನು ಹಿಡಿಸಿದ ಪುಸ್ತಕಗಳವು. ವಿಮರ್ಶಕರು ಅವನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂಡಿಸಲಿಲ್ಲ. ಅದು ಪೂರ್ಣ ನ್ಯಾಯವೆಂದು ಹೇಳಲಾಗದು. ಅಂಥ ಹಳೆಯ ಕೃತಿಯೊಂದನ್ನು ಈಗ ಕಿರುತೆರೆಗೆ ತರುವವನಿಗೆ ಎದುರಾಗುವ ಮೊದಲನೆಯ ಶತ್ರು ಮೊಬೈಲ್ ಫೋನ್. ಆ ಕಾಲದ ಅರ್ಧಕ್ಕರ್ಧ ರಹಸ್ಯಗಳು ಬಾರದ ತಂತಿ, ಸಿಗದ ಟ್ರಂಕ್ ಕಾಲ್, ತಪ್ಪಿಹೋದ ಕೊನೆಯ ಬಸ್ಸು ಇವುಗಳ ಮೇಲೆ ನಿಂತಿದ್ದವು. ಈಗ ಒಂದು ಕರೆಯಲ್ಲಿ ಎಲ್ಲವೂ ಬಯಲಾದೀತು.

ಬ್ಲಫ್ ಊರಿನಲ್ಲಿಯೇ ನಡೆಯುವ ಕಥೆಯೊಂದನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ವಿದ್ಯುದಾಗಾರ ಇರುವುದು ಕೆಳಗೆ, ಕಣಿವೆಯ ತಳದಲ್ಲಿ. ನೀರು ದಪ್ಪ ಕೊಳವೆಗಳಲ್ಲಿ ದಿಣ್ಣೆಯಿಂದ ಕೆಳಕ್ಕೆ ಧುಮುಕುತ್ತದೆ. 1955ರ ಒಂದು ರಾತ್ರಿ ಮೇಲಿನ ವಸತಿಗೃಹದಲ್ಲಿ ಅಧಿಕಾರಿಯೊಬ್ಬ ಕೊಲೆಯಾದನೆಂದು ಇಟ್ಟುಕೊಳ್ಳಬಹುದು. ಸಂಶಯಕ್ಕೆ ಗುರಿಯಾದವನು ಆ ರಾತ್ರಿಯೆಲ್ಲ ಕೆಳಗೆ ಪಾಳಿಯಲ್ಲಿದ್ದ. ಹಾಜರಿ ಪುಸ್ತಕದಲ್ಲಿ ಗಂಟೆಗಂಟೆಗೂ ಅವನ ರುಜುವಿದೆ. ಟ್ರಾಲಿ ನಡೆಸುವವನು ಯಾರೂ ಮೇಲೆ ಬರಲಿಲ್ಲವೆಂದು ಆಣೆಯಿಡುತ್ತಾನೆ. ಯಂತ್ರಗಳ ಭೋರಾಟದಲ್ಲಿ ಯಾರು ಇದ್ದರು, ಯಾರು ಇಲ್ಲ ಎಂದು ಕೇಳಿಸಿಕೊಂಡವರಿಲ್ಲ. ರುಜುಗಳನ್ನು ಮೊದಲೇ ಹಾಕಿಟ್ಟು, ಕೊಳವೆಯ ಪಕ್ಕದ ಕಾಲುದಾರಿಯಲ್ಲಿ ಅವನು ಹತ್ತಿ ಬಂದಿದ್ದನೆಂಬುದು ಪತ್ತೇದಾರನ ಶೋಧನೆ.

ಇದನ್ನೇ ಇಂದಿನ ಕಥೆಯನ್ನಾಗಿಸುವುದು ಹೇಗೆ? ಸೋಮಾರಿ ರೂಪಾಂತರಕಾರನು ಕಣಿವೆಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಬರೆದು ಪಾರಾಗುತ್ತಾನೆ. ಈಗ ಎಷ್ಟೋ ರಹಸ್ಯಕಥೆಗಳಲ್ಲಿ ಸರಿಯಾದ ಸಮಯಕ್ಕೆ ಸಿಗ್ನಲ್ ಹೋಗಿಬಿಡುತ್ತದೆ! ಜಾಣನಾದವನು ಬೇರೆಯದನ್ನೇ ಯೋಚಿಸುತ್ತಾನೆ. ಹಳೆಯ ಕಥೆಯ ಗುಟ್ಟು ಹಾಜರಿ ಪುಸ್ತಕದಲ್ಲಿರಲಿಲ್ಲ. ಗುರುತನ್ನೇ ಮನುಷ್ಯನೆಂದು ಎಲ್ಲರೂ ನಂಬಿದುದರಲ್ಲಿತ್ತು. ರುಜು ಇದ್ದಲ್ಲಿ ಆಳು ಇದ್ದಾನೆಂದು ಅಂದಿನವರು ನಂಬಿದರು. ಫೋನ್ ಇದ್ದಲ್ಲಿ ಆಳು ಇದ್ದಾನೆಂದು ಇಂದಿನವರು ನಂಬುತ್ತಾರೆ. ಅವನು ಫೋನನ್ನು ಕೆಳಗೆ ಬಿಟ್ಟು ತಾನು ಮೇಲೆ ಹತ್ತಿದರೆ ಮುಗಿಯಿತು. ಶತ್ರುವೆಂದು ಹೆದರಿದ ಯಂತ್ರವೇ ಈಗ ಕಥೆಯ ಕೀಲಿಯಾಯಿತು. ಕೆಳಗೆ ಉಳಿದ ಫೋನಿಗೆ ಆ ಹೊತ್ತಿನಲ್ಲಿ ಬಂದ ಕರೆಗಳನ್ನು ಯಾರೂ ಎತ್ತಲಿಲ್ಲವೆಂಬ ಒಂದು ಸಣ್ಣ ಸುಳಿವನ್ನು ಆರಂಭದಲ್ಲಿಯೇ, ಬೇರೆ ಯಾವುದೋ ಮಾತಿನ ನಡುವೆ, ಪ್ರೇಕ್ಷಕನ ಮುಂದೆ ಇಟ್ಟಿರಬೇಕು, ಒಪ್ಪಂದವನ್ನು ಮರೆಯಬಾರದು.

ಊರು ಕೂಡ ನಿಜವಾಗಿರಬೇಕು. ಪತ್ತೇದಾರಿ ಕಥೆಯಲ್ಲದಿದ್ದರೂ ಇದಕ್ಕೆ ಕರ್ನಾಟಕದಲ್ಲಿಯೇ ದೊಡ್ಡ ನಿದರ್ಶನವೊಂದಿದೆ. ಆರ್.ಕೆ. ನಾರಾಯಣರ ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲದ ಊರು. ಶಂಕರ್ ನಾಗ್ ಅವರು 1986ರಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಅದನ್ನು ಮಲೆನಾಡಿನ ಆಗುಂಬೆಯಲ್ಲಿ ಕಂಡರು. ಆ ಬೀದಿ, ಆ ಜಗುಲಿ, ಆ ಮಳೆ ತೆರೆಯ ಮೇಲೆ ಬಂದ ಮೇಲೆ ಓದುಗರ ಮನಸ್ಸಿನ ಮಾಲ್ಗುಡಿಗೂ ಅದೇ ರೂಪ ಬಂದಿತು. ಪತ್ತೇದಾರಿ ಕಥೆಗೆ ಇದು ಮತ್ತಷ್ಟು ಮುಖ್ಯ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಜಗುಲಿಯಿಂದ ಹಿತ್ತಿಲು ಕಾಣುತ್ತದೆಯೇ ಎಂಬಂಥ ವಿವರಗಳೇ ಅಲ್ಲಿ ಸಾಕ್ಷ್ಯ. ಸ್ಟುಡಿಯೋದ ರಟ್ಟಿನ ಗೋಡೆ ಸಾಕ್ಷಿ ಹೇಳಲಾರದು.

ಕೊನೆಯದಾಗಿ ಮಾತು. ಡಾಯ್ಲ್‌ನ ಮಿತ್ರರಿಬ್ಬರೂ ಒಬ್ಬರನ್ನೊಬ್ಬರು ಮನೆತನದ ಹೆಸರಿನಿಂದ ‘ಹೋಮ್ಸ್’, ‘ವಾಟ್ಸನ್’ ಎಂದು ಕರೆಯುತ್ತಿದ್ದರು. ಆ ಕಾಲದ ಸಭ್ಯತೆ ಅದು. 2010ರಲ್ಲಿ ಅವರು ‘ಷರ್ಲಾಕ್’, ‘ಜಾನ್’ ಆದರು. ಇಷ್ಟರಿಂದಲೇ ಕಾಲ ಬದಲಾದುದು ಕಿವಿಗೆ ತಿಳಿಯುತ್ತದೆ. ಕನ್ನಡದ ರೂಪಾಂತರಕಾರನ ಕೈಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸಾಧನವಿದೆ. 1955ರ ಟ್ರಾಲಿಯವನು ಅಧಿಕಾರಿಯನ್ನು ‘ಬುದ್ಧಿ’ ಎಂದು ಕರೆದರೆ ಅವನ ಮೊಮ್ಮಗ ‘ಸಾರ್’ ಎನ್ನುತ್ತಾನೆ. ಸತ್ತ ಅಧಿಕಾರಿಯ ಪರಿಚಯವೇ ತನಗಿಲ್ಲವೆಂದು ಸಾಧಿಸುವ ಸಾಕ್ಷಿಯೊಬ್ಬನು ‘ಅವರು ಬಂದರು, ಅವರು ಹೋದರು’ ಎಂದು ವಿನಯದಿಂದ ಹೇಳುತ್ತ, ಸಿಟ್ಟು ಬಂದ ಒಂದು ಕ್ಷಣದಲ್ಲಿ ‘ಅವನು’ ಎಂದುಬಿಟ್ಟರೆ, ಅವರಿಬ್ಬರಿಗೂ ಹಳೆಯ ಸಲಿಗೆ ಇತ್ತೋ ಹಳೆಯ ದ್ವೇಷವಿತ್ತೋ ಎಂದು ಪತ್ತೇದಾರನು ತಲೆಯೆತ್ತಿ ನೋಡಬಹುದು. ಇಂಗ್ಲಿಷಿನ ಸರ್ವನಾಮಕ್ಕೆ ಈ ಶಕ್ತಿಯಿಲ್ಲ. ಅಂಥ ಸುಳಿವನ್ನು ಕನ್ನಡದ ಪ್ರೇಕ್ಷಕನು ಪತ್ತೇದಾರನಿಗಿಂತ ಮುಂಚೆ ಹಿಡಿದರೂ ಹಿಡಿದಾನು.