ಮಸಿಗೆ ಕಪ್ಪಾದ ಪತಂಗ, ಲಾವಾಕ್ಕೆ ಕಪ್ಪಾದ ಇಲಿ

ಅಮೆರಿಕ–ಮೆಕ್ಸಿಕೊ ಗಡಿಯ ಪಿನಕಾತೆಯಲ್ಲಿ, ಮರುಭೂಮಿಯ ನಡುವೆ, ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪು ಬಂಡೆಗಳ ಹರವಿದೆ. ಅಲ್ಲಿ ಓಡಾಡುವ ಪಾಕೆಟ್ ಇಲಿಗಳ ಬೆನ್ನು ಕಪ್ಪು. ಆ ಬಂಡೆ ಮುಗಿದು ತಿಳಿಬಣ್ಣದ ಕಲ್ಲು ಶುರುವಾದರೆ ಅದೇ ಜಾತಿಯ ಇಲಿ ಮರಳಿನ ಬಣ್ಣಕ್ಕಿರುತ್ತದೆ. ಕಪ್ಪು ಇಲಿಯ ಹೊಟ್ಟೆಯೂ ಬಿಳಿಯೇ. ಗೂಬೆ ಎರಗುವುದು ಮೇಲಿನಿಂದ. ಹೊಟ್ಟೆಯ ಬಣ್ಣ ಅದಕ್ಕೆ ಕಾಣುವುದಿಲ್ಲವಲ್ಲ!

ಹೀಗೆ ಪರಿಸರಕ್ಕೆ ತಕ್ಕ ಬಣ್ಣಕ್ಕಾಗಿ ಪಠ್ಯಪುಸ್ತಕಗಳಲ್ಲಿ ಹೆಸರು ಮಾಡಿರುವುದು ಮಾತ್ರ ಇಂಗ್ಲೆಂಡಿನ ಪೆಪ್ಪರ್ಡ್ ಪತಂಗ. ಬಿಳಿ ರೆಕ್ಕೆಗೆ ಕರಿಮೆಣಸಿನ ಪುಡಿ ಉದುರಿಸಿದಂತಿರುವ ಇದು ಕಲ್ಲುಹೂವು ಹಬ್ಬಿದ ತೊಗಟೆಯ ಮೇಲೆ ಕೂತರೆ ಹಕ್ಕಿಗೆ ಪತ್ತೆಯೇ ಆಗದು. (ಹೌದು, ನಮ್ಮ ಮಸಾಲೆಗೆ ಬೀಳುವ ಕಲ್ಲುಹೂವಿನ ಬಳಗವೇ.) ಕಾರ್ಖಾನೆಗಳ ಹೊಗೆಗೆ ಕಲ್ಲುಹೂವು ಸತ್ತು ತೊಗಟೆಗೆ ಮಸಿ ಮೆತ್ತಿತು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಪ್ಪು ಪತಂಗವೊಂದು ದಾಖಲಾಯಿತು. ಶತಮಾನ ಮುಗಿಯುವಷ್ಟರಲ್ಲಿ ಅಲ್ಲಿ ಬಿಳಿಯದೇ ಅಪರೂಪ.

ಪತಂಗ, ಇಲಿ ಎರಡರಲ್ಲೂ ಕಪ್ಪು ಪ್ರಬಲ ಗುಣ: ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಮೈಮೇಲೆ ಕಾಣುತ್ತದೆ. ಅದಕ್ಕೇ ಹಕ್ಕಿಯ, ಗೂಬೆಯ ಕಣ್ಣು ಮೊದಲ ಪೀಳಿಗೆಯಿಂದಲೇ ಆಯ್ಕೆಗೆ ತೊಡಗುತ್ತದೆ. ಆದರೆ ಕಪ್ಪಾದ ದಾರಿ ಬೇರೆ ಬೇರೆ. ಪತಂಗದಲ್ಲಿ ಜಾಗ ಬದಲಿಸುವ ಡಿಎನ್‌ಎ ತುಣುಕೊಂದು, ಸುಮಾರು 22,000 ಅಕ್ಷರಗಳಷ್ಟು ಉದ್ದದ್ದು, ಕಾರ್ಟೆಕ್ಸ್ ಎಂಬ ವಂಶವಾಹಿಯೊಳಗೆ ಹೊಕ್ಕು ಕುಳಿತಿದೆ. 2016ರ ಅಧ್ಯಯನವೊಂದರ ಲೆಕ್ಕದಂತೆ ಅದು ಹೊಕ್ಕಿದ್ದು ಸುಮಾರು 1819ರಲ್ಲಿ. ಪಿನಕಾತೆಯ ಇಲಿಯಲ್ಲಿ ಎಂಸಿ1ಆರ್ ಎಂಬ ವಂಶವಾಹಿಯಿಂದಾಗುವ ಪ್ರೋಟೀನಿನ ನಾಲ್ಕು ಅಮೈನೊ ಆಮ್ಲಗಳು ಬದಲಾಗಿವೆ.

2003ರಲ್ಲಿ ಇದನ್ನು ಪತ್ತೆ ಮಾಡಿದ ಮೈಕೆಲ್ ನಾಕ್‌ಮನ್, ಹೋಪಿ ಹೋಕ್‌ಸ್ಟ್ರಾ ತಂಡ ನ್ಯೂ ಮೆಕ್ಸಿಕೊದ ಲಾವಾ ಬಂಡೆಗಳ ಕಪ್ಪು ಇಲಿಗಳನ್ನೂ ಪರೀಕ್ಷಿಸಿತು. ಜಾತಿ ಅದೇ, ಬಣ್ಣ ಅದೇ. ಆದರೆ ಎಂಸಿ1ಆರ್‌ನ ಆ ಬದಲಾವಣೆ ಅಲ್ಲಿರಲಿಲ್ಲ! ಆ ಇಲಿಗಳು ಬೇರಾವುದೋ ವಂಶವಾಹಿಯಿಂದ ಪ್ರತ್ಯೇಕವಾಗಿ ಕಪ್ಪಾಗಿದ್ದವು. ಪತಂಗಕ್ಕಿಂತ ಈ ಇಲಿಯ ಕಥೆಯೇ ನನಗೆ ಹೆಚ್ಚು ರುಚಿಸುವುದು ಇದಕ್ಕಾಗಿ.

ಪತಂಗದ ಕಥೆ ಹಿಮ್ಮುಖವಾಗಿಯೂ ಓಡಿತು. 1956ರ ಶುದ್ಧ ಗಾಳಿ ಕಾಯ್ದೆಯ ನಂತರ ಮಸಿ ಇಳಿಯಿತು, ಕಲ್ಲುಹೂವು ಮರಳಿತು. 2001ರಿಂದ 2007ರವರೆಗೆ ವಿಜ್ಞಾನಿ ಮೈಕೆಲ್ ಮಜೆರಸ್ ಕೇಂಬ್ರಿಜ್‌ನ ತಮ್ಮ ತೋಟದಲ್ಲಿ 4,864 ಪತಂಗಗಳನ್ನು ಬಿಟ್ಟು ನೋಡಿದರು: ಹಕ್ಕಿಗಳ ಬಾಯಿಗೆ ಹೆಚ್ಚಾಗಿ ಬಿದ್ದವು ಕಪ್ಪು ಪತಂಗಗಳು. ಇಂದು ಮ್ಯಾಂಚೆಸ್ಟರಿನಲ್ಲೂ ಅವು ಅಪರೂಪ. ಪಿನಕಾತೆಯ ಬಂಡೆ ಮಾತ್ರ ಯಾವ ಕಾಯ್ದೆಗೂ ಬೆಳ್ಳಗಾಗುವಂಥದ್ದಲ್ಲ.