ನಾಮಮಾತ್ರದ ಧರ್ಮ, ನಿಜವಾದ ಧರ್ಮ: ವಿಲಿಯಂ ವಿಲ್ಬರ್‌ಫೋರ್ಸನ ಸಮಕಾಲೀನ ಸಂಸ್ಕೃತಿವಿಮರ್ಶೆ

ಕ್ರೈಸ್ತ ಮಿಷನರಿಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನ ಬಹುಮಟ್ಟಿಗೆ ಅವರ ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆಗಳ ಸುತ್ತ ಬೆಳೆದುಬಂದಿದೆ. ರೀವ್, ಮೋಗ್ಲಿಂಗ್, ಕಿಟೆಲ್ ಅವರ ಕಾರ್ಯದ ಮಹತ್ವವನ್ನು ಗಮನಿಸಿದರೆ ಇದು ಸಹಜವೇ. ಆದರೆ ಮಿಷನ್ನುಗಳಿಗೆ ಭಾರತದ ಬಾಗಿಲು ತೆರೆಯುವಂತೆ ಮಾಡಿದ ನೈತಿಕ ಆವೇಶ ಯಾವುದು, ಅದು ಪರಸಮಾಜವನ್ನು ತೂಗುವ ಮೊದಲು ತನ್ನ ಸ್ವಂತ ಸಮಾಜವನ್ನು ಹೇಗೆ ತೂಗಿತು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಈ ಪ್ರಶ್ನೆಯನ್ನು ಎತ್ತಿಕೊಂಡಾಗ ಮೊದಲು ಎದುರಾಗುವ ಕೃತಿಗಳಲ್ಲೊಂದು ಇಂಗ್ಲೆಂಡಿನ ವಿಲಿಯಂ ವಿಲ್ಬರ್‌ಫೋರ್ಸ್ (1759–1833) 1797ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ಗ್ರಂಥ. ಮೇಲುವರ್ಗ ಮತ್ತು ಮಧ್ಯಮವರ್ಗದ ಕ್ರೈಸ್ತರೆನಿಸಿಕೊಂಡವರಲ್ಲಿ ರೂಢಿಯಲ್ಲಿರುವ ಧರ್ಮವನ್ನು ನಿಜವಾದ ಕ್ರೈಸ್ತಧರ್ಮದೊಡನೆ ಹೋಲಿಸಿ ನೋಡುವ ಪ್ರಾಯೋಗಿಕ ಅವಲೋಕನ ಎಂಬರ್ಥದ ಅದರ ಉದ್ದನೆಯ ಶೀರ್ಷಿಕೆಯೇ ಅದರ ವಾದವನ್ನು ಸಾರುತ್ತದೆ.

ವಿಲ್ಬರ್‌ಫೋರ್ಸ್ ಪಾದ್ರಿಯಲ್ಲ, ದೈವಶಾಸ್ತ್ರಜ್ಞನೂ ಅಲ್ಲ. ಹಲ್ ಬಂದರಿನ ಶ್ರೀಮಂತ ವರ್ತಕ ಮನೆತನದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಇಪ್ಪತ್ತೊಂದನೆಯ ವಯಸ್ಸಿಗೇ ಪಾರ್ಲಿಮೆಂಟನ್ನು ಪ್ರವೇಶಿಸಿದವನು. 1784ರಿಂದ ಯಾರ್ಕ್‌ಷೈರ್ ಕೌಂಟಿಯ ಪ್ರತಿನಿಧಿ. ಪ್ರಧಾನಿ ಕಿರಿಯ ಪಿಟ್‌ನ ಆಪ್ತಮಿತ್ರ. ಲಂಡನ್ನಿನ ಕ್ಲಬ್ಬುಗಳು, ಜೂಜು, ಔತಣಕೂಟ, ಸರಸ ಸಂಭಾಷಣೆ ಇವೆಲ್ಲ ಅವನ ನಿತ್ಯಜೀವನದ ಭಾಗವಾಗಿದ್ದವು. 1784–85ರಲ್ಲಿ ಐಸಾಕ್ ಮಿಲ್ನರನೊಡನೆ ಯೂರೋಪಿನಲ್ಲಿ ಪ್ರವಾಸ ಮಾಡುತ್ತಿದ್ದಾಗ ಫಿಲಿಪ್ ಡಾಡ್ರಿಜ್‌ನ ಧಾರ್ಮಿಕ ಗ್ರಂಥವೊಂದನ್ನು ಓದಿದುದರಿಂದ ಆರಂಭವಾದ ತಳಮಳ ತೀವ್ರವಾದ ಮನಃಪರಿವರ್ತನೆಯಲ್ಲಿ ಕೊನೆಗೊಂಡಿತು. ಇದು ಮತಾಂತರವಲ್ಲ, ಹುಟ್ಟಿನಿಂದ ಬಂದ ಮತವನ್ನೇ ಮತ್ತೊಮ್ಮೆ ಅರಿವಿನಿಂದ ಸ್ವೀಕರಿಸಿದ ಪ್ರಸಂಗ. ‘ಇವ್ಯಾಂಜೆಲಿಕಲ್’ ಎಂಬ ಮಾತಿನ ತಿರುಳಿರುವುದು ಇಲ್ಲಿಯೇ. ರಾಜಕಾರಣವನ್ನು ಬಿಟ್ಟುಬಿಡಬೇಕೇ ಎಂಬ ಸಂದಿಗ್ಧದಲ್ಲಿ ಅವನು ಸಲಹೆ ಕೇಳಿದ್ದು ಜಾನ್ ನ್ಯೂಟನ್ ಎಂಬ ಪಾದ್ರಿಯನ್ನು. ಸ್ವತಃ ಗುಲಾಮರ ಹಡಗುಗಳ ಕಪ್ತಾನನಾಗಿದ್ದು ಪಶ್ಚಾತ್ತಾಪಪಟ್ಟಿದ್ದ ನ್ಯೂಟನ್, ಇದ್ದಲ್ಲಿಯೇ ಇದ್ದು ದುಡಿಯುವಂತೆ ಹೇಳಿದನು. 1787ರ ಅಕ್ಟೋಬರ್‌ನ ದಿನಚರಿಯಲ್ಲಿ ವಿಲ್ಬರ್‌ಫೋರ್ಸ್ ದೇವರು ತನ್ನ ಮುಂದಿರಿಸಿದ ಎರಡು ಗುರಿಗಳನ್ನು ದಾಖಲಿಸಿದ್ದಾನೆ: ಗುಲಾಮರ ವ್ಯಾಪಾರದ ನಿಷೇಧ ಮತ್ತು ಜನರ ನಡತೆಯ ಸುಧಾರಣೆ. ಚರಿತ್ರೆ ಮೊದಲನೆಯದನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯದನ್ನು ಮರೆತಿದೆ. ಅವನ ಮಟ್ಟಿಗಾದರೋ ಎರಡೂ ಒಂದೇ ಬೇರಿನಿಂದ ಬಂದವು.

ಗ್ರಂಥ ಹೊರಬಂದ ಸಂದರ್ಭವೂ ಗಮನಾರ್ಹ. ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು. 1797ರ ಫೆಬ್ರವರಿಯಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ನೋಟುಗಳಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತ್ತು. ಪುಸ್ತಕ ಬಂದ ಕೆಲವೇ ದಿನಗಳಲ್ಲಿ ಸ್ಪಿಟ್‌ಹೆಡ್‌ನಲ್ಲಿ ನೌಕಾಸೈನಿಕರು ದಂಗೆ ಎದ್ದರು. ಧಾರ್ಮಿಕ ಪುಸ್ತಕವನ್ನು ಯಾರು ಕೊಳ್ಳುತ್ತಾರೆಂದು ಅನುಮಾನಿಸಿ ಪ್ರಕಾಶಕ ಐನೂರು ಪ್ರತಿಗಳನ್ನಷ್ಟೇ ಅಚ್ಚುಹಾಕಲು ಒಪ್ಪಿದ್ದನು. ಆರು ತಿಂಗಳಲ್ಲಿ ಏಳೂವರೆ ಸಾವಿರ ಪ್ರತಿಗಳು ಖರ್ಚಾದವು. ಅದೇ ವರ್ಷದ ಜುಲೈನಲ್ಲಿ ತೀರಿಕೊಂಡ ಎಡ್ಮಂಡ್ ಬರ್ಕ್ ತನ್ನ ಕೊನೆಯ ದಿನಗಳಲ್ಲಿ ಇದನ್ನು ಓದಿ ಸಮಾಧಾನ ಪಡೆದನೆಂಬುದು ಪ್ರಸಿದ್ಧ ಸಂಗತಿ.

ಗ್ರಂಥದ ಮೂಲವಾದ ಸರಳವಾದುದು. ಇಂಗ್ಲೆಂಡಿನ ಗಣ್ಯರು ತಮ್ಮನ್ನು ಕ್ರೈಸ್ತರೆಂದು ಕರೆದುಕೊಳ್ಳುವುದು ಆ ದೇಶದಲ್ಲಿ ಹುಟ್ಟಿದ ಕಾರಣಕ್ಕೆ ಮಾತ್ರ. ಯಾವ ವಿದ್ಯೆಯೂ ಶ್ರಮವಿಲ್ಲದೆ ಕೈಗೂಡುವುದಿಲ್ಲವೆಂದು ಬಲ್ಲ ತಂದೆತಾಯಿಗಳು ಧರ್ಮವೊಂದು ಮಾತ್ರ ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಂತೆ ತಾನಾಗಿ ಬರುತ್ತದೆಂದು ನಂಬಿದ್ದಾರೆ. ಕಳ್ಳತನ ಮಾಡದೆ, ಕೊಲೆ ಮಾಡದೆ, ಭಾನುವಾರ ಚರ್ಚಿಗೆ ಹೋಗಿ, ನಾಲ್ಕು ಜನರ ನಡುವೆ ಸಭ್ಯನೆನಿಸಿಕೊಂಡರೆ ಸಾಕು ಎಂಬುದು ಅವರ ಒಟ್ಟು ಧರ್ಮಶಾಸ್ತ್ರ. ಮನುಷ್ಯಸ್ವಭಾವ ಆಳದಲ್ಲಿ ಕೆಟ್ಟಿದೆ, ಅದಕ್ಕೆ ಕ್ರಿಸ್ತನ ಬಿಡುಗಡೆ ಬೇಕು ಎಂಬ ಮೂಲತತ್ತ್ವವನ್ನು ಕಳೆದುಕೊಂಡ ಮೇಲೆ ಉಳಿಯುವುದು ಮರ್ಯಾದಸ್ಥರ ನೀತಿ ಮಾತ್ರ, ಮತ್ತು ಬೇರು ಕಡಿದ ಆ ನೀತಿ ಬಹುಕಾಲ ಹಸಿರಾಗಿರಲಾರದು ಎಂಬುದು ಅವನ ನಿಲುವು.

ಈ ಸಾಮಾನ್ಯ ವಾದಕ್ಕಿಂತ ಹೆಚ್ಚು ಕುತೂಹಲಕರವಾದುದು ಅವನು ತನ್ನ ಕಾಲದ ನಡೆನುಡಿಗಳನ್ನು ಬಿಡಿಸಿ ನೋಡುವ ರೀತಿ. ಮೇಲುವರ್ಗದ ನಿಜವಾದ ದೇವರು ಜನಪ್ರಶಂಸೆ ಎಂದು ಅವನು ಗುರುತಿಸುತ್ತಾನೆ. ದ್ವಂದ್ವಯುದ್ಧದ ಪದ್ಧತಿಯನ್ನು ಖಂಡಿಸುವಾಗ ಅವನು ಪ್ರಾಣಹಾನಿಯನ್ನಷ್ಟೇ ಮುಂದಿಡುವುದಿಲ್ಲ. ಮನುಷ್ಯರ ಮೆಚ್ಚುಗೆಗಾಗಿ ದೇವರ ಮೆಚ್ಚುಗೆಯನ್ನು ತಿಳಿದೂ ತಿಳಿದೂ ತಳ್ಳಿಹಾಕುವುದೇ ಅದರ ಮೂಲ ಅಪರಾಧವೆನ್ನುತ್ತಾನೆ. ಪುಸ್ತಕ ಬಂದ ಮರುವರ್ಷ, 1798ರ ಮೇ 27ರಂದು, ಭಾನುವಾರವೇ, ಪ್ರಧಾನಿ ಪಿಟ್ ಮತ್ತು ವಿರೋಧಪಕ್ಷದ ಟಿಯರ್ನಿ ಪಟ್ನಿ ಬಯಲಿನಲ್ಲಿ ಪಿಸ್ತೂಲು ಹಿಡಿದು ಎದುರುಬದುರಾದರು. ಯಾರಿಗೂ ಗಾಯವಾಗಲಿಲ್ಲ. ನೊಂದ ವಿಲ್ಬರ್‌ಫೋರ್ಸ್ ಈ ಪದ್ಧತಿಯ ವಿರುದ್ಧ ಸಭೆಯಲ್ಲಿ ನಿರ್ಣಯ ತರುವುದಾಗಿ ಘೋಷಿಸಿದನು. ತನ್ನ ಪ್ರಧಾನಿ ಪದವಿಗೇ ಕುತ್ತು ಬರುತ್ತದೆಂದು ಪಿಟ್ ಹೇಳಿಕೊಂಡಾಗ ಹಿಂದೆಗೆದನು. ಲೋಕದ ಮೆಚ್ಚುಗೆಯನ್ನು ಇಷ್ಟು ನಿಷ್ಠುರವಾಗಿ ವಿಶ್ಲೇಷಿಸಿದವನಿಗೂ ಸ್ನೇಹದ ದಾಕ್ಷಿಣ್ಯವನ್ನು ಮೀರುವುದು ಸುಲಭವಾಗಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯವೆನಿಸುವ ಭಾಗವೆಂದರೆ ಲಾರೆನ್ಸ್ ಸ್ಟರ್ನ್‌ನನ್ನು ಕುರಿತ ಟೀಕೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಭಾವಾರ್ದ್ರತೆಯೇ ಸದ್ಗುಣವೆಂಬ ಭಾವನೆ ಇಂಗ್ಲಿಷ್ ಓದುಗರಲ್ಲಿ ಹರಡಿತ್ತು. ಕಾದಂಬರಿ ಓದಿ ಕಣ್ಣೀರಿಡುವವನು ಒಳ್ಳೆಯವನು. ಸೌಮ್ಯ ಸ್ವಭಾವವಿದ್ದರೆ ಧರ್ಮದ ಅಗತ್ಯವಿಲ್ಲ. ವಿಲ್ಬರ್‌ಫೋರ್ಸ್ ಇದನ್ನು ಒಪ್ಪುವುದಿಲ್ಲ. ಸೂಕ್ಷ್ಮ ಭಾವನೆ ಬೇರೆ, ಕೈಯಾರೆ ಮಾಡುವ ಉಪಕಾರ ಬೇರೆ. ಸ್ಟರ್ನ್ ಹೃದಯದ ತಂತಿಗಳನ್ನು ಮೀಟುವ ಅಪೂರ್ವ ಶಕ್ತಿಯಿದ್ದೂ ಅದನ್ನು ರುಚಿ ಕೆಡಿಸಲು ಬಳಸಿದನು ಎಂಬುದು ಅವನ ಆರೋಪ. ಸ್ಟರ್ನ್ ಯಾರ್ಕ್‌ಷೈರಿನಲ್ಲೇ ಪಾದ್ರಿಯಾಗಿದ್ದವನೆಂಬುದು ಅವನ ಕೋಪವನ್ನು ಹೆಚ್ಚಿಸಿದ್ದರೆ ಆಶ್ಚರ್ಯವಿಲ್ಲ. ಕಣ್ಣೀರಿಗೂ ಕ್ರಿಯೆಗೂ ನಡುವಣ ಅಂತರವನ್ನು ಇಷ್ಟು ಸ್ಪಷ್ಟವಾಗಿ ಹಿಡಿದುದು ವಿಮರ್ಶೆಯ ದೃಷ್ಟಿಯಿಂದ ಬೆಲೆಯುಳ್ಳದ್ದೇ. ಆದರೆ ಇಲ್ಲಿ ಅವನು ಕಾಣದ ಒಂದು ಸಂಗತಿಯಿದೆ. ಗುಲಾಮರ ಹಡಗಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಇಗ್ನೇಷಿಯಸ್ ಸ್ಯಾಂಚೊ 1766ರಲ್ಲಿ ಸ್ಟರ್ನ್‌ನಿಗೇ ಪತ್ರ ಬರೆದು, ತನ್ನ ಕಪ್ಪುಜನರ ದುಃಖದ ಬಗ್ಗೆ ಬರೆಯುವಂತೆ ಕೇಳಿಕೊಂಡಿದ್ದನು. ಗುಲಾಮಗಿರಿಯ ವಿರುದ್ಧ ಇಂಗ್ಲಿಷ್ ಜನಮನವನ್ನು ಹದಗೊಳಿಸಿದುದರಲ್ಲಿ ಬೈಬಲ್ಲಿನ ಪಾಲಿದ್ದಂತೆ ಈ ‘ರುಚಿಗೆಟ್ಟ’ ಭಾವಸಾಹಿತ್ಯದ ಪಾಲೂ ಇತ್ತು. ತನ್ನ ಮೊದಲ ಗುರಿಗೆ ಒದಗಿಬಂದ ಸಾಹಿತ್ಯವನ್ನೇ ವಿಲ್ಬರ್‌ಫೋರ್ಸ್ ತನ್ನ ಎರಡನೆಯ ಗುರಿಯ ಹೆಸರಿನಲ್ಲಿ ಹಳಿದನು.

ಹೆಸರಿಗಷ್ಟೇ ಉಳಿದ ಧರ್ಮದ ವಿಮರ್ಶೆ ಕನ್ನಡದ ಓದುಗನಿಗೆ ಹೊಸದಲ್ಲ. ಬಾಹ್ಯಾಚಾರ ಮತ್ತು ಅಂತರಂಗದ ಬಿರುಕನ್ನು ಹನ್ನೆರಡನೆಯ ಶತಮಾನದ ವಚನಕಾರರೂ ಆಮೇಲಿನ ಹರಿದಾಸರೂ ಇದಕ್ಕಿಂತ ತೀಕ್ಷ್ಣವಾಗಿ ತೋರಿಸಿದ್ದಾರೆ. ಆದರೆ ಸಾದೃಶ್ಯವನ್ನು ಬಹುದೂರ ಎಳೆಯಲಾಗದು. ವಚನಕಾರರಲ್ಲಿ ಅಂತರಂಗಶುದ್ಧಿಯ ಪ್ರಶ್ನೆ ಜಾತಿಶ್ರೇಣಿಯ ಪ್ರಶ್ನೆಯಾಗಿ, ಕಾಯಕದ ಪ್ರಶ್ನೆಯಾಗಿ ಹೊರಳುತ್ತದೆ. ವಿಲ್ಬರ್‌ಫೋರ್ಸ್‌ನಲ್ಲಿ ಅದು ಹಾಗೆ ಹೊರಳುವುದಿಲ್ಲ. ನಿಜವಾದ ಧರ್ಮ ಶ್ರೀಮಂತರನ್ನು ಉದಾರಿಗಳನ್ನಾಗಿಯೂ ಬಡವರನ್ನು ತಮ್ಮ ಪಾಲಿಗೆ ದೇವರು ಗೊತ್ತುಮಾಡಿದ ಸ್ಥಾನದಲ್ಲಿ ತೃಪ್ತರನ್ನಾಗಿಯೂ ಮಾಡುತ್ತದೆ, ಹೀಗೆ ಸಮಾಜದ ಅಸಮಾನತೆ ಸಹ್ಯವಾಗುತ್ತದೆ ಎಂದು ಅವನು ಸಂಕೋಚವಿಲ್ಲದೆ ಬರೆಯುತ್ತಾನೆ. ಫ್ರಾನ್ಸಿನ ಕ್ರಾಂತಿಯ ಭಯ ಈ ಪುಟಗಳ ಹಿಂದೆ ಅಡಗಿದೆ. ಅವನ ಆಪ್ತೆ ಹನ್ನಾ ಮೋರ್ 1795ರಿಂದ 1798ರವರೆಗೆ ಬಡವರಿಗಾಗಿ ಹೊರತಂದ ಅಗ್ಗದ ಕಿರುಹೊತ್ತಗೆಗಳು ಲಕ್ಷಗಟ್ಟಲೆ ಹಂಚಿಕೆಯಾದುದೂ ಇದೇ ಹಿನ್ನೆಲೆಯಲ್ಲಿ.

ಮಾತಿನಲ್ಲಿ ಶ್ರೀಮಂತರನ್ನು ಟೀಕಿಸಿದ ಈ ನೈತಿಕತೆ ಕ್ರಿಯೆಗಿಳಿದಾಗ ಯಾರ ಮೇಲೆ ಬಿತ್ತು ಎಂಬುದು ಹೆಚ್ಚು ತೊಡಕಿನ ವಿಷಯ. 1787ರಲ್ಲಿ ಅವನ ಪ್ರಯತ್ನದಿಂದ ಮೂರನೆಯ ಜಾರ್ಜ್ ದುರಾಚಾರದ ವಿರುದ್ಧ ರಾಜಘೋಷಣೆ ಹೊರಡಿಸಿದನು; ಅದನ್ನು ಜಾರಿಗೆ ತರಲು ಸಂಘವೊಂದು ಸ್ಥಾಪನೆಯಾಯಿತು. 1797ರಲ್ಲಿ ಈ ಸಂಘ ಥಾಮಸ್ ಪೇನ್‌ನ ಧರ್ಮವಿಮರ್ಶೆಯ ಗ್ರಂಥವನ್ನು ಮಾರಿದ ವಿಲಿಯಮ್ಸ್ ಎಂಬ ಬಡ ಪುಸ್ತಕವ್ಯಾಪಾರಿಯ ಮೇಲೆ ಮೊಕದ್ದಮೆ ಹೂಡಿ ಗೆದ್ದಿತು. ಸಂಘದ ಪರವಾಗಿ ವಾದಿಸಿದ ಥಾಮಸ್ ಅರ್ಸ್‌ಕಿನ್ ಆ ವ್ಯಾಪಾರಿಯ ಹೆಂಡತಿಯ ಗೋಳನ್ನೂ ಸಿಡುಬಿನಿಂದ ನರಳುತ್ತಿದ್ದ ಮಕ್ಕಳನ್ನೂ ಕಣ್ಣಾರೆ ಕಂಡು ಕರುಣೆ ತೋರುವಂತೆ ಸಂಘವನ್ನು ಕೇಳಿದನು. ಸಂಘ ಒಪ್ಪಲಿಲ್ಲ, ಅರ್ಸ್‌ಕಿನ್ ವಕಾಲತ್ತನ್ನು ಬಿಟ್ಟುಕೊಟ್ಟನು. ಭಾವುಕತೆಗಿಂತ ಕೈಯಾರೆ ಮಾಡುವ ಉಪಕಾರ ದೊಡ್ಡದೆಂದು ಸಾರಿದ ಪುಸ್ತಕ ಬಂದದ್ದೂ ಅದೇ ವರ್ಷ. 1802ರಲ್ಲಿ ಸ್ಥಾಪನೆಯಾದ ದುರಾಚಾರ ನಿರೋಧಕ ಸಂಘವನ್ನು ಕುರಿತು ಸಿಡ್ನಿ ಸ್ಮಿತ್, ವರ್ಷಕ್ಕೆ ಐನೂರು ಪೌಂಡಿಗಿಂತ ಕಡಿಮೆ ಆದಾಯವಿರುವವರ ದುರಾಚಾರವನ್ನು ಮಾತ್ರ ಅಡಗಿಸುವ ಸಂಘವೆಂದು ಗೇಲಿ ಮಾಡಿದ್ದರಲ್ಲಿ ಅನ್ಯಾಯವೇನೂ ಇಲ್ಲ.

ಇಷ್ಟನ್ನು ಹೇಳಿದ ಮೇಲೂ, ಇದು ಬರಿಯ ವರ್ಗಹಿತಾಸಕ್ತಿಯ ಮುಖವಾಡವೆಂದು ತಳ್ಳಿಹಾಕುವಂತಿಲ್ಲ. 1791ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧದ ಅವನ ಸೂಚನೆ 88ಕ್ಕೆ ಎದುರಾಗಿ 163 ಮತಗಳಿಂದ ಬಿದ್ದುಹೋಯಿತು. 1807ರಲ್ಲಿ 16ಕ್ಕೆ ಎದುರಾಗಿ 283 ಮತಗಳಿಂದ ಗೆದ್ದಿತು. ನಡುವಣ ಹದಿನಾರು ವರ್ಷ ಸೋಲಿನ ಮೇಲೆ ಸೋಲನ್ನು ಉಂಡು ನಿಲ್ಲಲು ಬೇಕಾದ ಬಲ ಲೋಕದ ಮೆಚ್ಚುಗೆಯನ್ನು ತೃಣವಾಗಿ ಕಾಣಬೇಕೆಂಬ ಅದೇ ನಂಬಿಕೆಯಿಂದ ಬಂದುದು.

ಈ ನೈತಿಕತೆಯ ಇನ್ನೊಂದು ಪರೀಕ್ಷೆ ನಡೆದದ್ದು ಭಾರತದ ವಿಷಯದಲ್ಲಿ. ವಿಲ್ಬರ್‌ಫೋರ್ಸ್‌ನ ಕ್ಲ್ಯಾಪಂ ಬಳಗದಲ್ಲಿದ್ದ ಚಾರ್ಲ್ಸ್ ಗ್ರಾಂಟ್ ಬಂಗಾಳದಲ್ಲಿ ಕಂಪನಿಯ ನೌಕರನಾಗಿದ್ದವನು. 1792ರಲ್ಲಿ ಅವನು ಬರೆದ, 1797ರಲ್ಲಿ ಕಂಪನಿಯ ನಿರ್ದೇಶಕರ ಮುಂದಿಟ್ಟ ಪ್ರಬಂಧ ಭಾರತೀಯ ಸಮಾಜವನ್ನು ನೈತಿಕವಾಗಿ ಪತನಗೊಂಡದ್ದೆಂದು ಚಿತ್ರಿಸಿತು. ಮಿಷನರಿಗಳಿಗೆ ಅವಕಾಶ ಕೊಡಿಸುವ ಪ್ರಯತ್ನ 1793ರಲ್ಲಿ ವಿಫಲವಾಗಿತ್ತು. ಟಿಪ್ಪುವಿನ ಮಕ್ಕಳಿದ್ದ ವೆಲ್ಲೂರಿನಲ್ಲಿ 1806ರಲ್ಲಿ ಸಿಪಾಯಿಗಳು ದಂಗೆಯೆದ್ದಾಗ, ಮಿಷನರಿಗಳೇ ಅದಕ್ಕೆ ಕಾರಣವೆಂದು ವಿರೋಧಿಗಳು ದೂರಿದರು. 1813ರಲ್ಲಿ ಕಂಪನಿಯ ಸನ್ನದು ನವೀಕರಣಕ್ಕೆ ಬಂದಾಗ ಎಂಟುನೂರಕ್ಕೂ ಹೆಚ್ಚು ಮನವಿಪತ್ರಗಳು ಪಾರ್ಲಿಮೆಂಟಿಗೆ ಹರಿದುಬಂದವು. ಜೂನ್ 22ರ ದೀರ್ಘ ಭಾಷಣದಲ್ಲಿ ವಿಲ್ಬರ್‌ಫೋರ್ಸ್ ಸತಿಪದ್ಧತಿ, ಜಾತಿ, ವಿಗ್ರಹಾರಾಧನೆಗಳನ್ನು ಕಟುವಾಗಿ ಖಂಡಿಸಿದನು. ಅವನು ಭಾರತವನ್ನು ನೋಡಿದವನಲ್ಲ. ಗ್ರಾಂಟ್ ಮೊದಲಾದವರ ಮತ್ತು ಬಂಗಾಳದ ಮಿಷನರಿಗಳ ಬರಹಗಳೇ ಅವನ ಆಧಾರ.

ಅದೇ ವರ್ಷ ಕಾಮನ್ಸ್ ಸಭೆಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದವರಲ್ಲಿ ಥಾಮಸ್ ಮನ್ರೋ ಒಬ್ಬ. 1799ರಲ್ಲಿ ಕೆನರಾದ ಕಲೆಕ್ಟರನಾಗಿ, ಆಮೇಲೆ 1807ರವರೆಗೆ ಬಳ್ಳಾರಿಯೂ ಸೇರಿದ ದತ್ತಮಂಡಲಗಳಲ್ಲಿ ಕೆಲಸಮಾಡಿ, ರೈತರ ಹೊಲಗಳನ್ನು ಅಳೆಸಿದ್ದ ಅಧಿಕಾರಿ. ಬೇಸಾಯದ ಕ್ರಮ, ಕುಶಲ ಕೈಗಾರಿಕೆ, ಹಳ್ಳಿ ಹಳ್ಳಿಯ ಶಾಲೆ, ಅತಿಥಿಸತ್ಕಾರ, ಹೆಂಗಸರಿಗೆ ಸಲ್ಲುವ ಗೌರವ ಇವುಗಳೇ ನಾಗರಿಕತೆಯ ಲಕ್ಷಣಗಳಾದರೆ ಹಿಂದೂಗಳು ಯೂರೋಪಿನವರಿಗೆ ಕಡಿಮೆಯಲ್ಲ. ನಾಗರಿಕತೆಯೂ ಎರಡು ದೇಶಗಳ ನಡುವಣ ವ್ಯಾಪಾರದ ಸರಕಾಗುವುದಾದರೆ ಆಮದಿನಿಂದ ಲಾಭ ಇಂಗ್ಲೆಂಡಿಗೇ ಎಂಬುದು ಅವನ ಮಾತಿನ ತಾತ್ಪರ್ಯ. ಮನ್ರೋವಿನ ಚಿತ್ರದಲ್ಲಿ ಹೊಲೆಗೇರಿಗೆ ಜಾಗವಿಲ್ಲವೆಂಬುದು ನಿಜ. ವಿಲ್ಬರ್‌ಫೋರ್ಸ್‌ನ ಚಿತ್ರದಲ್ಲಿ ಅದಕ್ಕೆ ಸ್ವಲ್ಪ ಜಾಗವಿತ್ತೆಂಬುದೂ ನಿಜ. ಆದರೆ 1797ರ ಗ್ರಂಥದಲ್ಲಿ ತನ್ನವರ ವಿಷಯದಲ್ಲಿ ಹುಟ್ಟಿನ ಧರ್ಮಕ್ಕೂ ಅಂತರಂಗದ ಧರ್ಮಕ್ಕೂ ಎಳೆದ ಗೆರೆಯನ್ನು ಅವನು ಹಿಂದೂ ಸಮಾಜದ ವಿಷಯದಲ್ಲಿ ಎಳೆಯಲಿಲ್ಲ. ಅಲ್ಲಿಯೂ ನಾಮಮಾತ್ರದ ಧರ್ಮವನ್ನು ಒಳಗಿನಿಂದಲೇ ಪ್ರಶ್ನಿಸಿದ ಪರಂಪರೆಯೊಂದು ಇರಬಹುದೆಂಬ ಕಲ್ಪನೆ ಆ ಭಾಷಣದಲ್ಲಿ ಸುಳಿಯುವುದಿಲ್ಲ.

1813ರ ಶಾಸನ ಮಿಷನರಿಗಳಿಗೆ ಪರವಾನಗಿಯ ಮೂಲಕ ಪ್ರವೇಶ ಕೊಟ್ಟಿತು. ವಿದ್ಯಾಭ್ಯಾಸಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳನ್ನು ತೆಗೆದಿರಿಸಿತು. ಆ ಹಣವನ್ನು ಹೇಗೆ ಬಳಸಬೇಕೆಂಬ ವಾದದಲ್ಲಿ 1835ರ ಪ್ರಸಿದ್ಧ ಟಿಪ್ಪಣಿಯನ್ನು ಬರೆದ ಥಾಮಸ್ ಮೆಕಾಲೆ ಕ್ಲ್ಯಾಪಂ ಬಳಗದ ಜಕರಿ ಮೆಕಾಲೆಯ ಮಗ. ಬ್ರಿಟನ್ನಿನ ಹೊರಗಣ ಮಿಷನ್ನುಗಳಿಗೂ 1833ರ ಸನ್ನದಿನಿಂದ ದಾರಿ ಸುಗಮವಾಗಿ, 1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ತಂಡ ಮಂಗಳೂರಿಗೆ ಬಂದಿತು. ಅವರದು ಜರ್ಮನ್ ಭಕ್ತಿಪಂಥ, ಕ್ಲ್ಯಾಪಂ ಪರಂಪರೆಗಿಂತ ಭಿನ್ನವಾದುದು. ಆದರೂ ಹೆಸರಿನ ಧರ್ಮದ ಮೇಲಣ ಅಸಹನೆ ಎರಡಕ್ಕೂ ಸಮಾನ. ಎರಡು ವರ್ಷಗಳ ಮೇಲೆ ಬಂದ ಹರ್ಮನ್ ಮೋಗ್ಲಿಂಗ್ ಇಲ್ಲಿಯ ಮತಾಚಾರಗಳನ್ನು ಟೀಕಿಸುತ್ತಲೇ ಕನ್ನಡದ ಹಸ್ತಪ್ರತಿಗಳನ್ನು ಸಂಗ್ರಹಿಸತೊಡಗಿದನು. ಕಾಸಾಮೇಜರನ ಧನಸಹಾಯದಿಂದ ಅವನು ಹೊರತಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣವೂ ದಾಸರ ಪದಗಳೂ ಕಲ್ಲಚ್ಚಿನಲ್ಲಿ ಬೆಳಕು ಕಂಡವು.