ಸೆರೆಮನೆಯ ಹಿಂಸೆ: ದೋಷ ಮನೋರೋಗದ್ದೇ?

ಬೆಂಗಳೂರು: ಜೈಲಿನೊಳಗೆ ಹೊಡೆದಾಟ ನಡೆದೊಡನೆ ‘ಅವನ ತಲೆ ಸರಿಯಿಲ್ಲ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವುದು ಸುಲಭ. ಮನೋರೋಗಿಯೆಂದರೆ ಅಪಾಯಕಾರಿ ಎಂಬ ಈ ನಂಬಿಕೆಯನ್ನು ಅಧ್ಯಯನಗಳು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಬೇರೆಯೇ ಕಡೆಗೆ ಬೆರಳು ತೋರುತ್ತವೆ.

ನಗರದ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿದ ನಿಮ್ಹಾನ್ಸ್ ತಜ್ಞರು 2011ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 4,002 ಮಂದಿಗೆ, ಅಂದರೆ ಶೇ 79.6ರಷ್ಟು ಜನರಿಗೆ, ಮನೋರೋಗ ಇಲ್ಲವೇ ವ್ಯಸನಕಾರಿ ವಸ್ತುಗಳ ಬಳಕೆಯ ಸಮಸ್ಯೆ ಇತ್ತು. ದಿಗಿಲು ಹುಟ್ಟಿಸುವ ಸಂಖ್ಯೆಯೇ ಸರಿ. ಆದರೆ ವ್ಯಸನವನ್ನು ಬದಿಗಿರಿಸಿ ಲೆಕ್ಕ ಹಾಕಿದಾಗ ಉಳಿದವರು 1,389 ಮಂದಿ, ಶೇ 27.6.

ಈ ವ್ಯತ್ಯಾಸವೇ ಮುಖ್ಯ. 2009ರಲ್ಲಿ ಪ್ರಕಟವಾದ ಸ್ವೀಡನ್‌ನ ಅಧ್ಯಯನವೊಂದರ ಪ್ರಕಾರ, ಸ್ಕಿಜೋಫ್ರೇನಿಯಾ ರೋಗದ ಜತೆಗೆ ವ್ಯಸನವೂ ಇದ್ದವರಲ್ಲಿ ಶೇ 27.6ರಷ್ಟು ಮಂದಿ ಹಿಂಸಾತ್ಮಕ ಅಪರಾಧ ಎಸಗಿದ್ದರು (ನಿಮ್ಹಾನ್ಸ್ ಅಂಕಿಯೊಂದಿಗಿನ ಹೋಲಿಕೆ ಕೇವಲ ಆಕಸ್ಮಿಕ). ವ್ಯಸನವಿಲ್ಲದ ರೋಗಿಗಳಲ್ಲಿ ಈ ಪ್ರಮಾಣ ಶೇ 8.5, ಸಾಮಾನ್ಯ ಜನರಲ್ಲಿ ಶೇ 5.3.

ಜೈಲಿಗೆ ಬಂದ ಕುಡುಕನಿಗೆ ಮದ್ಯ ಥಟ್ಟನೆ ನಿಂತುಹೋಗುತ್ತದೆ. ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ಭ್ರಮೆ, ಗಾಬರಿ ಕಾಣಿಸಿಕೊಳ್ಳಬಹುದು. ತನ್ನನ್ನು ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಆತ ಕೂಗಾಡಿದರೆ ಅದು ಪ್ರಾಣಕ್ಕೇ ಎರವಾಗಬಲ್ಲ ಕಾಯಿಲೆ. ಕಾವಲಿನವರ ಕಣ್ಣಿಗೆ ಮಾತ್ರ ಪುಂಡಾಟ. ಕಿವಿಯಲ್ಲಿ ಇಲ್ಲದ ದನಿ ಕೇಳಿಸಿಕೊಳ್ಳುವವನು ಹಾಜರಿಗೆ ನಿಲ್ಲದಿದ್ದರೆ ಅದೂ ಅವಿಧೇಯತೆಯೇ. ಶಿಕ್ಷೆಯೆಂದು ಒಂಟಿ ಕೋಣೆಗೆ ತಳ್ಳಿದರೆ ರೋಗ ಉಲ್ಬಣಿಸುತ್ತದೆ.

ಈ ಸಂಕಟ ಇತರರ ಮೇಲೆಯೇ ತಿರುಗಬೇಕೆಂದೇನೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದ ಜೈಲುಗಳಲ್ಲಿ ಸಂಭವಿಸಿದ 159 ಅಸಹಜ ಸಾವುಗಳ ಪೈಕಿ 119 ಆತ್ಮಹತ್ಯೆಗಳು.

ಚಿಕಿತ್ಸೆಯಿಂದ ಫಲವಿದೆಯೇ? ಸ್ವೀಡನ್‌ನಲ್ಲಿ ಬಿಡುಗಡೆಗೊಂಡ 22,275 ಕೈದಿಗಳ ಬಗೆಗಿನ 2016ರ ಅಧ್ಯಯನದಲ್ಲಿ, ಒಬ್ಬನೇ ವ್ಯಕ್ತಿಯ ಔಷಧ ಪಡೆದ ಮತ್ತು ಪಡೆಯದ ಅವಧಿಗಳನ್ನು ಹೋಲಿಸಲಾಯಿತು. ಮನೋವಿಕೃತಿ ನಿವಾರಕ ಔಷಧಗಳನ್ನು ಪಡೆದ ಅವಧಿಯಲ್ಲಿ ಹಿಂಸಾತ್ಮಕ ಅಪರಾಧಗಳ ಪ್ರಮಾಣ ಸುಮಾರು ಶೇ 42ರಷ್ಟು ಕಡಿಮೆಯಿತ್ತು. ವ್ಯಸನ ಚಿಕಿತ್ಸೆಯ ಔಷಧಗಳಿಂದಲೂ ಗಣನೀಯ ಇಳಿಕೆ ಕಂಡಿತು.

ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ಅಪರಾಧವೆಸಗದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ವಿಧಿಸುತ್ತದೆ. ಜೈಲಿನಲ್ಲಿ ಮನೋರೋಗಿ ಕೈದಿಗಳು ಯಾರೂ ಇಲ್ಲವೆಂದು ಅಲ್ಲಿನ ವೈದ್ಯಾಧಿಕಾರಿ ಮೂರು ತಿಂಗಳಿಗೊಮ್ಮೆ ಪ್ರಮಾಣೀಕರಿಸಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಮಾನಸಿಕ ಕಾಯಿಲೆ ಕಂಡುಬಂದ ಜೈಲಿನಲ್ಲಿ ಅಂಥ ಪ್ರಮಾಣಪತ್ರಕ್ಕೆ ವೈದ್ಯರು ಹೇಗೆ ಸಹಿ ಹಾಕಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.